ಹತ್ತು ಕಳೆಯುವ ಟೇಪು

"ಅಯ್ಯಯ್ಯೋ, ನನ್ನ ಕಾಲು ಎಲ್ಲೇ ಹೋದ್ವು?" ಅಂತ ಅಜ್ಜಿ ಕೂಗಿದಳು.

ಎಲ್ಲಿಗೂ ಹೋಗಿರಲಿಲ್ಲ. ಹೊಸ ಸ್ಟೂಲಿನ ಮೇಲಿಂದ ಗಾಳಿಯಲ್ಲಿ ಜೋತಾಡುತ್ತಿದ್ದವು, ಅಷ್ಟೆ. ಅಜ್ಜಿ ಹೆಬ್ಬೆರಳು ಚಾಚಿದಳು. ಹೊಲಿಗೆ ಮೆಷಿನ್ನಿನ ಪೆಡಲ್ ಸಿಗಲಿಲ್ಲ. ಇನ್ನೂ ಸ್ವಲ್ಪ ಮುಂದೆ ಜರುಗಿದಳು. ಪೆಡಲ್ ಸಿಗುವ ಮೊದಲೇ ಮೊಣಕಾಲು ಹೋಗಿ ಮೆಷಿನ್ನಿನ ಹಲಗೆಗೆ ಠಕ್ ಅಂತ ಬಡಿಯಿತು.

"ಸ್ಟೂಲ್ ಮಾಡ್ಕೊಡ್ತೀನಿ ಅಂದೋಳು ನನ್ನನ್ನ ಅಟ್ಟಕ್ಕೇ ಹತ್ತಿಸಿಬಿಟ್ಯಲ್ಲೇ ಚೋಟು! ಇಳಿಸ್ರಪ್ಪಾ ಯಾರಾದ್ರೂ!"

ಚೋಟುವಿಗೆ ನಗು ಬರಲಿಲ್ಲ. ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಳು. ಕೈಯಲ್ಲಿ ಇನ್ನೂ ಸ್ಯಾಂಡ್‌ಪೇಪರ್ ಇತ್ತು. ಮೂಗಿನ ತುದಿಯಲ್ಲಿ ಮರದ ಪುಡಿ ಇತ್ತು.

ಇದು ಅವಳು ಮಾಡಿದ ಮೊದಲನೇ ಸ್ಟೂಲು. ಐದನೇ ಕ್ಲಾಸಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಹುಡುಗಿ ಅವಳು. ಚೋಟುದ್ದ ಇದ್ದಾಳೆ ಅಂತ ತಾತನೇ ಚೋಟು ಎಂದು ಕರೆದ, ಅದೇ ಗಟ್ಟಿಯಾಯಿತು. ಮನೆಗೆ ಅಂಟಿಕೊಂಡ ಹಾಗೆ ಅವಳ ಅಮ್ಮನ ವರ್ಕ್‌ಶಾಪ್ ಇದೆ. ಅಲ್ಲಿ ಮಂಚಕ್ಕಿಂತ ದೊಡ್ಡದಾದ ಸಿಎನ್‌ಸಿ ಮೆಷಿನ್ ಇದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಅಳತೆ ಕೊಟ್ಟರೆ ಸಾಕು, ಪೆನ್ಸಿಲ್ ಗಾತ್ರದ ಬಿಟ್ ಗಿರಗಿರ ತಿರುಗುತ್ತಾ ಅದೇ ಗೆರೆಯ ಮೇಲೆ ಓಡಿ ಪ್ಲೈವುಡ್ ಕೊಯ್ದುಕೊಡುತ್ತದೆ. ಅದು ಮಾಡುವ ಸದ್ದಿಗೆ ಚೋಟು ಇಟ್ಟ ಹೆಸರು ಗುರ್ರಣ್ಣ.

"ಅಜ್ಜಿ ಸ್ಟೂಲಿನ ಕಾಲು ಸೀಳಿದೆ. ಹೊಸದು ನೀನೇ ಮಾಡು ನೋಡೋಣ," ಅಂತ ಅಮ್ಮ ಹೇಳಿದ್ದಳು. "ಸರಿಯಾಗಿ ಬಂದ್ರೆ ಪ್ರತೀ ಶನಿವಾರ ನನ್ ಜೊತೆ ಕಂಪ್ಯೂಟರ್ ಹತ್ರ ಕೂರಬಹುದು. ಶೀಟ್ ಹಾಳು ಮಾಡಿದ್ರೆ ಮುಂದಿನ ವರ್ಷದ ತನಕ ಮುಟ್ಟೋ ಹಾಗಿಲ್ಲ."

ಚೋಟು ವಾರವಿಡೀ ಸ್ಕ್ರೀನಿನ ಮೇಲೆ ಚಿತ್ರ ಬರೆದಳು. ಎರಡು ಪಕ್ಕ, ಒಂದು ಅಡ್ಡಪಟ್ಟಿ, ಮೇಲೊಂದು ಹಲಗೆ. ಮೊಳೆ ಬೇಡ, ಒಂದರ ಕಚ್ಚಿನಲ್ಲಿ ಇನ್ನೊಂದು ಕೂರಬೇಕು. ನಿನ್ನೆ ಗುರ್ರಣ್ಣ ಗುರ್ರೆಂದು ಕೊಯ್ದ. ತುಂಡುಗಳು ಟಕ್ ಟಕ್ ಅಂತ ಒಂದರೊಳಗೊಂದು ಕೂತಾಗ ಚೋಟು ಕುಣಿದೇಬಿಟ್ಟಿದ್ದಳು. ಸ್ಟೂಲು ಅಲುಗಾಡಲೂ ಇಲ್ಲ.

ಅಲುಗಾಡಲಿಲ್ಲ ನಿಜ. ಎತ್ತರ ಮಾತ್ರ ಹೀಗೆ!

ಅಮ್ಮ ಅಜ್ಜಿಯನ್ನು ಇಳಿಸಿ, ಹಳೇ ಸ್ಟೂಲನ್ನು ಹೊಸದರ ಪಕ್ಕ ತಂದಿಟ್ಟಳು. ಅಣ್ಣ ತಮ್ಮ ನಿಂತ ಹಾಗಿತ್ತು.

"ಗುರ್ರಣ್ಣ ತಪ್ಪು ಮಾಡಿದಾನೆ!" ಚೋಟುವಿನ ಧ್ವನಿ ಕೀರಲಾಯಿತು.

"ಮೆಷಿನ್‌ಗೆ ಸ್ವಂತ ಬುದ್ಧಿ ಎಲ್ಲಿದೆ? ಹೇಳಿದ್ದನ್ನ ಕೊಯ್ಯುತ್ತೆ. ತಾ ನಿನ್ ನೋಟ್‌ಬುಕ್ಕು."

ನೋಟ್‌ಬುಕ್ಕಿನಲ್ಲಿ ಚೋಟುವಿನ ಗುಂಡು ಅಕ್ಷರದಲ್ಲಿ ಮೂರು ಅಳತೆಗಳಿದ್ದವು. ಉದ್ದ 34. ಅಗಲ 28. ಎತ್ತರ 52.

"ಐವತ್ತೆರಡು!" ಅಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ. ಹತ್ತು ಕಳೆದಿಲ್ಲ ನೀನು!"

ಹತ್ತು ಕಳೆಯುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಅದು ತಾತನ ಟೇಪಿನ ಕತೆ. ತಾತ ಮರಗೆಲಸದವನು. ಅವನ ಸ್ಟೀಲ್ ಟೇಪಿನ ಮೂತಿ ಯಾವುದೋ ಕಾಲದಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದಿತ್ತು. ತಾತ ಅದನ್ನು ಸರಿಯಾಗಿ ಹತ್ತು ಸೆಂಟಿಮೀಟರಿಗೆ ಕತ್ತರಿಸಿ, ಡಬ್ಬಿಯೊಳಗೆ ಜಾರಿಹೋಗದ ಹಾಗೆ ತುದಿಗೆ ತೂತು ಕೊರೆದು ತಂತಿ ಸುತ್ತಿದ. ಅಂದಿನಿಂದ ಆ ಟೇಪು ಶುರುವಾಗುವುದೇ ಹತ್ತರಿಂದ. ಐವತ್ತು ಅಂತ ತೋರಿಸಿದರೆ ನಲವತ್ತು ಅಂತ ತಿಳಿಯಬೇಕು. ಅಮ್ಮ ಹೊಸ ಟೇಪು ತಂದುಕೊಟ್ಟಿದ್ದಳು. ಅದು ಪ್ಲಾಸ್ಟಿಕ್ ಕವರಿನ ಸಮೇತ ಡ್ರಾಯರಿನಲ್ಲಿ ಮಲಗಿದೆ. "ಇದು ನನ್ನ ಕೈಗೆ ಒಗ್ಗಿಬಿಟ್ಟಿದೆ," ಅನ್ನುತ್ತಾನೆ ತಾತ.

ವಯಸ್ಸೆಷ್ಟು ಅಂತ ಯಾರಾದರೂ ಕೇಳಿದರೆ, "ಎಂಬತ್ತೆರಡು! ಹತ್ತು ಕಳಿ!" ಅಂತ ತಾತ ಗಹಗಹಿಸಿ ನಗುತ್ತಾನೆ. "ನಿಮ್ ತಾತ ಏನೇ ಹೇಳ್ಲಿ, ಹತ್ತು ಕಳೆದೇ ನಂಬಬೇಕು," ಅನ್ನುತ್ತಾಳೆ ಅಜ್ಜಿ.

"ಅಮ್ಮಾ, ಅಳತೆ ತೆಗೆದಿದ್ದು ತಾತ! ತಾತ ಹೇಳಿದ್ದನ್ನೇ ನಾನು ಬರ್ಕೊಂಡೆ!" ಅಂದಳು ಚೋಟು. "ತಾತ ಯಾವಾಗ್ಲೂ ಕಳೆದೇ ಹೇಳೋದಲ್ವಾ?"

ಎಲ್ಲರೂ ಬಾಗಿಲ ಕಡೆ ನೋಡಿದರು. ತಾತ ಚೌಕಟ್ಟಿಗೆ ಒರಗಿ ನಿಂತಿದ್ದ. ಕಿವಿಯ ಮೇಲೆ ಪೆನ್ಸಿಲ್, ಸೊಂಟದಲ್ಲಿ ಟೇಪು.

"ಹೌದು, ಕಳೆದೇ ಹೇಳಿದ್ದು," ಅಂದ ತಾತ. "ನಲವತ್ತೆರಡು ಅಂದೆ. ಐವತ್ತು ವರ್ಷದಿಂದ ಕಳೀತಾ ಇದೀನಿ, ಮೊನ್ನೆ ಒಂದಿನ ಮರೀತೀನಾ?"

"ಇಲ್ಲ ತಾತ! ನೀನು ಐವತ್ತೆರಡು ಅಂದೆ! ಬರ್ಕೋ ಅಂದೆ!"

"ನಾನು ಹೇಳಿಲ್ಲ ಅಂದ್ಮೇಲೆ ಹೇಳಿಲ್ಲ!" ತಾತನ ಧ್ವನಿ ಏರಿತು. "ತಪ್ಪು ಮಾಡಿದ್ರೆ ಒಪ್ಕೋಬೇಕು. ಕಂಡೋರ ತಲೆಗೆ ಕಟ್ಟೋದಲ್ಲ!"

ಚೋಟು ದಂಗಾದಳು. ತಾತ ಅವಳನ್ನು ಗದರಿದ್ದು ಇದೇ ಮೊದಲು. ಅದೂ ಮಾಡದ ತಪ್ಪಿಗೆ. ಅವಳ ಕೆನ್ನೆ ಸುಡತೊಡಗಿತು.

"ಕಳ್ಳನಿಗೊಂದು ಪಿಳ್ಳೆ ನೆವ," ಅಂದಳು ಅಮ್ಮ. "ಮೊದ್ಲು ಗುರ್ರಣ್ಣ, ಆಮೇಲೆ ತಾತ. ಇನ್ನು ಯಾರು ಉಳಿದಿದಾರೆ, ಅಜ್ಜೀನಾ?"

"ಕೆಳಗಿಂದ ಹತ್ತು ಕೊಯ್ದುಬಿಟ್ರೆ ಆಗಲ್ವೇನೇ?" ಅಂತ ಅಜ್ಜಿ ಮೆತ್ತಗೆ ಕೇಳಿದಳು.

"ಕೆಳಗಿಂದ ಕೊಯ್ದ್ರೆ ಅಡ್ಡಪಟ್ಟಿ ಕೂರೋ ತೂತು ಹೋಗುತ್ತೆ. ಮೇಲಿಂದ ಕೊಯ್ದ್ರೆ ಹಲಗೆ ಕೂರೋ ಕಚ್ಚು ಹೋಗುತ್ತೆ. ಇನ್ನೊಂದು ಶೀಟೇ ಬೇಕು. ನಾನೂ ಒಂದ್ಸಲ ನೋಡ್ಬೇಕಿತ್ತು, ಬೇರೆ ಆರ್ಡರ್ ಗಡಿಬಿಡಿ." ಅಮ್ಮ ನೋಟ್‌ಬುಕ್ಕನ್ನು ಮುಚ್ಚಿ ಚೋಟುವಿನ ಕೈಗಿಟ್ಟಳು. "ಶನಿವಾರದ ವಿಷಯ ಇನ್ನು ಮುಂದಿನ ವರ್ಷ ಮಾತಾಡೋಣ."

ಮುಗಿಯಿತು. ಒಂದೇ ಮಾತಿನಲ್ಲಿ ಎಲ್ಲಾ ಶನಿವಾರಗಳೂ ಹೋದವು.

ಮಧ್ಯಾಹ್ನ ಚೋಟು ಊಟ ಅರ್ಧಕ್ಕೇ ಬಿಟ್ಟು, ಮುಖ ಊದಿಸಿಕೊಂಡು ಅಜ್ಜಿಯ ಕೋಣೆಯಲ್ಲಿ ಕೂತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಅಜ್ಜಿ ಯಾವಾಗಲೂ ಹೇಳುತ್ತಾಳಲ್ಲ, ಆ ಎಮ್ಮೆ ನಾನೇ ಅಂತ ಅವಳಿಗೆ ಅನ್ನಿಸಿತು.

ತಾತ ಸುಳ್ಳು ಹೇಳುತ್ತಾನಾ? ತಾತನಾ? ತಮಾಷೆಗೆ ವಯಸ್ಸು ಜಾಸ್ತಿ ಹೇಳುತ್ತಾನೆ, ಅದು ಬೇರೆ.

ಅವಳು ಸ್ಕೂಲ್ ಬ್ಯಾಗಿನಿಂದ ಸ್ಕೇಲು ತೆಗೆದಳು. ಹಳೇ ಸ್ಟೂಲಿನ ಹಲಗೆ ಅಳೆದಳು. ಉದ್ದ ಮೂವತ್ತನಾಲ್ಕು. ನೋಟ್‌ಬುಕ್ಕಿನಲ್ಲೂ ಅಷ್ಟೇ. ಅಗಲ ಇಪ್ಪತ್ತೆಂಟು. ಅದೂ ಸರಿ. ಆಮೇಲೆ ಎತ್ತರ. ಸ್ಕೇಲು ಮೂವತ್ತಕ್ಕೇ ಮುಗಿಯಿತು. ಪೆನ್ಸಿಲಿನಲ್ಲಿ ಗುರುತು ಹಾಕಿ ಮತ್ತೆ ಇಟ್ಟಳು. ಮೂವತ್ತು, ಮತ್ತೆ ಹನ್ನೆರಡು.

ನಲವತ್ತೆರಡು.

ಅಂದರೆ ಉದ್ದಕ್ಕೆ ಕಳೆದಿದ್ದಾನೆ, ಅಗಲಕ್ಕೆ ಕಳೆದಿದ್ದಾನೆ, ಎತ್ತರಕ್ಕೆ ಕಳೆದಿಲ್ಲ. ಮೂರನ್ನೂ ಹೇಳಿದ್ದು ತಾತನೇ. ಚೋಟು ಟೇಪು ಮುಟ್ಟಿಯೇ ಇರಲಿಲ್ಲ. ತಪ್ಪು ಅವಳದಾಗಿದ್ದರೆ ಮೂರೂ ತಪ್ಪಾಗಬೇಕಿತ್ತಲ್ಲ!

"ಸಿಕ್ಕಿಬಿದ್ದ!" ಅಂತ ಅವಳು ಎದ್ದೇಬಿಟ್ಟಳು. ನೋಟ್‌ಬುಕ್ಕು, ಸ್ಕೇಲು ಎರಡನ್ನೂ ಹಿಡಿದು, ಚಪ್ಪಲಿ ಕೂಡ ಹಾಕದೆ ವರ್ಕ್‌ಶಾಪಿಗೆ ಓಡಿದಳು. ತಾತನ ಮುಂದೆ ಹಿಡಿದು ತೋರಿಸಬೇಕು. ಅಮ್ಮನನ್ನೂ ಕರೆಯಬೇಕು. ಎಲ್ಲರೂ ಸಾರಿ ಕೇಳಬೇಕು.

ಬಾಗಿಲಲ್ಲೇ ಅವಳ ಕಾಲು ನಿಂತವು.

ಗುರ್ರಣ್ಣ ಸುಮ್ಮನಿದ್ದ. ತಾತ ಒಬ್ಬನೇ ತನ್ನ ಕೆಲಸದ ಮೇಜಿನ ಹತ್ತಿರ ಇದ್ದ. ಅವನ ಮುಂದೆ ಒಂದು ಪ್ಲೈವುಡ್ ತುಂಡು. ತಾತ ಅದರ ಮೇಲೆ ಟೇಪು ಎಳೆದು ನೋಡಿದ. ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದ. ಅಳಿಸಿದ. ಮತ್ತೆ ಟೇಪು ಎಳೆದ. ಮತ್ತೆ ಬರೆದ. ಹಲಗೆಯ ತುಂಬ ಅಂಕಿಗಳೇ ಇದ್ದವು. 46. 36. ಮತ್ತೆ 46. ಆಮೇಲೆ 34. ಎಲ್ಲದರ ಮೇಲೂ ಅಳಿಸಿದ ಬಿಳಿ ಪುಡಿ.

ತಾತ ಬೆರಳು ಮಡಿಸಿ ಎಣಿಸುತ್ತಿದ್ದ. ಒಂದನೇ ಕ್ಲಾಸಿನ ಮಕ್ಕಳು ಎಣಿಸುವ ಹಾಗೆ.

"ತಾತ," ಅಂದಳು ಚೋಟು.

ತಾತ ಬೆಚ್ಚಿಬಿದ್ದ. ತಿರುಗಿ ಅವಳನ್ನು ನೋಡಿದ. ಬೆಳಗಿನ ಕೋಪ ಅವನ ಮುಖದಲ್ಲಿ ಇರಲೇ ಇಲ್ಲ.

"ಬಾ ಚೋಟು, ಇಲ್ಲಿ ಬಾ. ಒಂದು ವಿಷಯ ಹೇಳು." ತಾತ ಟೇಪನ್ನು ಎತ್ತಿ ತೋರಿಸಿದ. "ಈ ಟೇಪಿಗೆ ಎಷ್ಟು ಕಳೀಬೇಕು?"

ಚೋಟು ಅವನ ಮುಖವನ್ನೇ ನೋಡಿದಳು.

ತಾತ ತಮಾಷೆ ಮಾಡುತ್ತಿರಬೇಕು ಅಂದುಕೊಂಡಳು. ಈಗ ನಗುತ್ತಾನೆ, ಈಗ "ಹತ್ತು ಕಳಿ!" ಅಂತ ಕೂಗುತ್ತಾನೆ ಅಂತ ಕಾದಳು. ತಾತ ನಗಲಿಲ್ಲ. ಅವಳ ಉತ್ತರಕ್ಕೇ ಕಾಯುತ್ತಿದ್ದ.

ಅವಳಿಗೆ ಹೆದರಿಕೆಯಾಯಿತು. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಇಷ್ಟು ಹೆದರಿಕೆ ಆಗಿರಲಿಲ್ಲ. ಅಂಕಿ ಹೇಳಿಕೊಟ್ಟವನೇ ತಾತ. ಹನ್ನೆರಡರ ಮಗ್ಗಿ ಬಾಯಿಪಾಠ ಮಾಡಿಸಿದವನೂ ತಾತ. ಅವನು ಸುಳ್ಳು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಅವಳಿಗೆ ಒಂದು ಕ್ಷಣ ಅನ್ನಿಸಿಬಿಟ್ಟಿತು.

"ಹತ್ತು, ತಾತ."

"ಹತ್ತು. ಹಾಂ, ಹತ್ತು." ತಾತ ಉಸಿರು ಬಿಟ್ಟ. "ಗೊತ್ತು ನನಗೆ. ಗೊತ್ತಿಲ್ದೆ ಏನು? ಒಂದೊಂದ್ಸಲ ಹನ್ನೆರಡಾ ಅಂತ ಅನ್ಸುತ್ತೆ. ಒಂದೊಂದ್ಸಲ, ಕಳೆದ್ನಾ ಇಲ್ವಾ ಅಂತಲೇ..." ಆಮೇಲೆ ತಗ್ಗಿದ ಧ್ವನಿಯಲ್ಲಿ ಕೇಳಿದ: "ಮೊನ್ನೆ ನಾನು ಐವತ್ತೆರಡು ಅಂದ್ನೇನಮ್ಮಾ?"

ಚೋಟುವಿನ ಕೈಯಲ್ಲಿ ನೋಟ್‌ಬುಕ್ಕು ಇತ್ತು. ಸ್ಕೇಲೂ ಇತ್ತು. ಅವಳು ಎರಡನ್ನೂ ಬೆನ್ನ ಹಿಂದೆ ಹಿಡಿದುಕೊಂಡಳು.

"ಅಂದೆ ತಾತ," ಅಂದಳು. "ಆದ್ರೆ ನಂಗೂ ಟೇಪಿನ ವಿಷಯ ಗೊತ್ತಿತ್ತಲ್ಲ. ನಾನೂ ಕೇಳ್ಬೇಕಿತ್ತು, ಕಳೆದ್ಯಾ ಅಂತ. ಇಬ್ರೂ ಮರ್ತ್ವಿ."

ತಾತ ಅವಳ ಮೂಗಿನ ಮೇಲಿದ್ದ ಮರದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಸುಮ್ನೆ ಗದರಿಬಿಟ್ಟೆ ಕಣೇ," ಅಂದ.

ಡ್ರಾಯರು ಅಲ್ಲೇ ಪಕ್ಕದಲ್ಲಿತ್ತು. ಅದರೊಳಗೆ ಕವರಿನಲ್ಲಿ ಹೊಸ ಟೇಪು. ಚೋಟು ಡ್ರಾಯರಿನ ಹಿಡಿ ಮುಟ್ಟಿದಳು. ತಾತ ಹಳೇ ಟೇಪಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಯೂನಿಫಾರ್ಮ್ ಹಾಕಿಕೊಂಡು ಬರುವಷ್ಟರಲ್ಲಿ ಅಮ್ಮ ಇನ್ನೊಂದು ಪ್ಲೈವುಡ್ ಶೀಟನ್ನು ಒರಗಿಸಿ ನಿಲ್ಲಿಸಿದ್ದಳು. ಹಳೇ ಸ್ಟೂಲು ನೆಲದ ಮೇಲಿತ್ತು.

"ಅಪ್ಪಾ, ಎತ್ತರ ಇನ್ನೊಂದ್ಸಲ ತೆಗೆದುಬಿಡು. ಅಜ್ಜಿ ವಾರದಿಂದ ಹೊಲಿಗೆ ಇಲ್ದೆ ಕೈ ಕೈ ಹಿಸುಕಿಕೊಳ್ತಿದಾಳೆ," ಅಂದಳು ಅಮ್ಮ. "ನಾನು ಬರ್ಕೊಳ್ತೀನಿ."

"ನಾನು ಬರ್ಕೊಳ್ತೀನಿ," ಅಂತ ಚೋಟು ನೋಟ್‌ಬುಕ್ಕು ತೆರೆದು ತಾತನ ಪಕ್ಕ ಮಂಡಿಯೂರಿ ಕೂತಳು. ಅಮ್ಮ ಶೀಟನ್ನು ಹಿಡಿದು ನಿಂತಳು.

ತಾತ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಮೇಲಕ್ಕೆ ಎಳೆದ. ಕಣ್ಣು ಕಿರಿದು ಮಾಡಿ ಓದಿದ. ಅವನ ತುಟಿ ಅಲುಗಿತು. ಚೋಟು ಪೆನ್ಸಿಲ್ ಎತ್ತಿ ಹಿಡಿದಳು.

"ಐವತ್ತೆರಡು," ಅಂದ ತಾತ, ಗಟ್ಟಿಯಾಗಿ.

ಅಮ್ಮನ ಕೈ ಶೀಟಿನ ಮೇಲೆ ಹಾಗೇ ನಿಂತುಹೋಯಿತು. ಅವಳು ತಾತನನ್ನು ನೋಡಿದಳು. ಆಮೇಲೆ ಬಗ್ಗಿ ನೋಟ್‌ಬುಕ್ಕು ನೋಡಿದಳು.

ಅಲ್ಲಿ ಚೋಟು ಗುಂಡು ಅಕ್ಷರದಲ್ಲಿ ಬರೆಯುತ್ತಿದ್ದಳು. ಎತ್ತರ 42.

ಅಮ್ಮನ ಮುಖದ ಬಣ್ಣವೇ ಬದಲಾಯಿತು. ನಿನ್ನೆ ತಾತನ ಪ್ರಶ್ನೆ ಕೇಳಿದಾಗ ತನ್ನ ಮುಖವೂ ಹೀಗೇ ಆಗಿರಬೇಕು ಅಂತ ಚೋಟುವಿಗೆ ಅನ್ನಿಸಿತು. ಅವಳು ಅಮ್ಮನ ಕಣ್ಣನ್ನೇ ನೋಡಿದಳು. ಅಮ್ಮ ಮೂಲೆಗೆ ಹೋಗಿ, ಅಜ್ಜಿಗೆ ಎತ್ತರವಾಗಿದ್ದ ಹೊಸ ಸ್ಟೂಲನ್ನು ಎತ್ತಿಕೊಂಡು ಬಂದು ಕಂಪ್ಯೂಟರ್ ಟೇಬಲ್ಲಿನ ಮುಂದೆ ಇಟ್ಟಳು. ಚೋಟುವಿಗೆ ಸ್ವಲ್ಪ ಎತ್ತರವಾಗುತ್ತಿದ್ದ ಆ ಟೇಬಲ್ಲಿಗೆ ಅದು ಸರಿಹೋಯಿತು.

"ಇಲ್ಲೇ ಇರ್ಲಿ," ಅಂದಳು ಅಮ್ಮ. "ಶನಿವಾರಕ್ಕೆ ಬೇಕಾಗುತ್ತೆ."

ತಾತ ಟೇಪನ್ನು ಇನ್ನೂ ಹಿಡಿದುಕೊಂಡೇ ಇದ್ದ. "ಏ ಚೋಟು, ಬರ್ಕೊಂಡ್ಯಾ?"

"ಬರ್ಕೊಂಡೆ ತಾತ."

"ಸರಿಯಾಗಿ?"

"ಸರಿಯಾಗಿ," ಅಂದಳು ಚೋಟು. ಅವನು ಬೆರಳು ತೆಗೆದ. ಟೇಪು ಸರ್ರನೆ ಡಬ್ಬಿಯೊಳಗೆ ಹೋಗಿ, ತಂತಿಯ ಹತ್ತಿರ ಬಂದು ನಿಂತಿತು.