ಗಂಜಿ ಹಾಕಿದ ಕೊಡೆ

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ವಿಮಾನವನ್ನು ನೆಲದಿಂದ ನೋಡಿದ್ದೇನೆಯೇ ಹೊರತು ಹತ್ತಿ ಗೊತ್ತಿಲ್ಲ. ಪ್ರೀತಿಯ ವಿಷಯವೂ ಹೆಚ್ಚುಕಡಿಮೆ ಅಷ್ಟೇ. ತಪ್ಪು ಹೇಳಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಆದರೆ ಹೇಳದೆ ಬಿಟ್ಟರೆ, ಪಂಕಜಾಕ್ಷಿ ಆ ಭಾನುವಾರ ಹೊಲದ ನಡುವೆ ಕೂತದ್ದಕ್ಕೆ ಊರವರು ಕಟ್ಟಿದ ಕಾರಣವೇ ನಿಜವಾಗಿಬಿಡುತ್ತದೆ.

ಸಾವಿರದ ಒಂಬೈನೂರ ಐವತ್ತೆಂಟರ ಕಾರ್ತಿಕ. ಅಜ್ಜಂಪುರದ ಪೇಟೆಬೀದಿಯಲ್ಲಿ ಶಿವಮೂರ್ತಪ್ಪನವರ ಜವಳಿ ಅಂಗಡಿ. ಹಿಂಬದಿಯ ಪಡಸಾಲೆಯಲ್ಲಿ ಅವರ ಮಗಳು ಪಂಕಜಾಕ್ಷಿಯ ಹೊಲಿಗೆ ಮಿಷನ್ನು. ಅಕ್ಕಿ ಗಂಜಿ ಕಾಣದ ಬಟ್ಟೆ ಆ ಮನೆಯಿಂದ ಹೊರಗೆ ಹೋದದ್ದೇ ಇಲ್ಲ. ಗರಿಗರಿ ಎನ್ನದ ಬಟ್ಟೆ ಬಟ್ಟೆಯೇ ಅಲ್ಲ ಎಂದು ಅವಳು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದಳು.

ಒಂದು ಮಧ್ಯಾಹ್ನ ಸಖರಾಯಪಟ್ಟಣದ ಷಣ್ಮುಖಪ್ಪ ಹೆಗಲ ಮೇಲೆ ದೊಡ್ಡ ಗಂಟು ಹೊತ್ತು ಬಂದು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಗಂಟು ಬಿಚ್ಚಿದರೆ ಪಡಸಾಲೆಯೆಲ್ಲ ಬಿಳಿ ರೇಷ್ಮೆ.

"ಇದೇನ್ರೀ, ಇಷ್ಟು ದೊಡ್ಡ ಪಂಚೆ ಯಾರು ಉಡ್ತಾರೆ?"

"ಆಕಾಶ ಉಡುತ್ತೆ. ಎರಡು ಪಟ್ಟಿ ಹರಿದೈತೆ. ಹೊಲಿದು ಕೊಡ್ತೀರಾ?"

ಅವನು ಸೈನ್ಯದಲ್ಲಿ ಪ್ಯಾರಾಚೂಟ್ ಪಡೆಯಲ್ಲಿದ್ದು ಬಿಡುಗಡೆಯಾಗಿ ಬಂದವನು. ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಪ್ಯಾರಾಚೂಟ್, ಅಂದರೆ ಜಿಗಿಯುವವರ ಕೊಡೆ, ಕೊಂಡು, ಕಡೂರಿನಲ್ಲಿ 'ಆಕಾಶ ಜಿಗಿತ ಕಂಪನಿ' ಎಂದು ಬೋರ್ಡು ಬರೆಸಿದ್ದ. ಮೊದಲು ಊರೂರಲ್ಲಿ ಟಿಕೆಟ್ ಪ್ರದರ್ಶನ, ಆಮೇಲೆ ಆಸೆಯಿದ್ದವರಿಗೆ ಜಿಗಿಯುವ ತರಬೇತಿ. ತರೀಕೆರೆಯ ಅಮಲ್ದಾರರು ಮೂರು ದಿನ ಕಾಯಿದೆ ಪುಸ್ತಕ ತಿರುವಿ, ಆಕಾಶದಿಂದ ಬೀಳುವುದಕ್ಕೆ ಯಾವ ಕಲಮೂ ಸಿಗದೆ, ಕೊನೆಗೆ ಸರ್ಕಸ್ ಎಂದು ಬರೆದು ಪರವಾನಗಿ ಕೊಟ್ಟಿದ್ದರು.

ಹನ್ನೆರಡು ದಿನ ಅವನು ಹೊಲಿಗೆ ನೋಡುವ ನೆಪದಲ್ಲಿ ಬಂದ. ಹೊಲಿಗೆಯ ಉದ್ದಕ್ಕೂ ಬೆರಳು ಜಾರಿಸುತ್ತಾ ಬಂದು, ಅವಳ ಬೆರಳಿಗೆ ಇನ್ನೊಂದು ಅಂಗುಲವಿರುವಾಗ ನಿಲ್ಲಿಸುತ್ತಿದ್ದ. ಅವಳು ಮಿಷನ್ನಿನ ಚಕ್ರವನ್ನೇ ನೋಡುತ್ತಿದ್ದಳು. ಚಕ್ರ ಮಾತ್ರ ತಿರುಗುತ್ತಿರಲಿಲ್ಲ.

"ಈ ಪಟ್ಟಿಗಳೇಕೆ ಇಷ್ಟು ಗಡುಸು?" ಎಂದ ಹನ್ನೊಂದನೆಯ ದಿನ.

"ಹೊಸ ಬಟ್ಟೆ ಗರಿಗರಿ ಇರದೆ ಇನ್ನೇನು? ನೀವು ಹಾರೋದು ನೋಡ್ಕೊಳ್ಳಿ."

ನಿಜ ಬೇರೆ ಇತ್ತು. ಜಾರುವ ರೇಷ್ಮೆ ಸೂಜಿಗೆ ನಿಲ್ಲದೆ, ಅವಳು ಪಟ್ಟಿಗಳಿಗೂ ಅಕ್ಕಪಕ್ಕದ ಮಡಿಕೆಗಳಿಗೂ ತೆಳುವಾಗಿ ಗಂಜಿ ಹಿಡಿಸಿದ್ದಳು. ಮನೆಯ ಪದ್ಧತಿ, ಅದರಲ್ಲಿ ಹೇಳುವುದೇನಿದೆ ಎಂದುಕೊಂಡಳು.

ಮುಂದಿನ ಬುಧವಾರ ತರೀಕೆರೆಯ ಅಕ್ಕಿ ಗಿರಣಿಯವರು ಅವಳ ನಿಶ್ಚಿತಾರ್ಥಕ್ಕೆ ಬರುವವರಿದ್ದರು. ಅದನ್ನು ಕೇಳಿದ ದಿನ ಷಣ್ಮುಖಪ್ಪ ರೇಷ್ಮೆಯ ಮೇಲಿಂದ ಕೈ ತೆಗೆದ.

"ಭಾನುವಾರ ಇಲ್ಲೇ ಹಾರ್ತೀನಿ. ಸೋಮವಾರ ನಿಮ್ಮಪ್ಪನ ಮುಂದೆ ನಿಲ್ತೀನಿ. ಹಾರದೆ ನಿಂತ್ರೆ, ತಲೆಕೆಟ್ಟೋನು ಅಂತ ಅಟ್ಟಿಬಿಡ್ತಾರೆ."

"ಹಾರಿದ್ರೂ ಹಾಗೇ ಅಂತಾರೆ."

"ಅಂದ್ರೆ ನೀನು ಬೇಡ ಅಂತೀಯಾ?"

"ಸೋಮವಾರ ತಡ ಮಾಡ್ಬೇಡಿ ಅಂತೀನಿ," ಎಂದು ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

ಶನಿವಾರ ಅವನು ಪ್ಯಾರಾಚೂಟನ್ನು ಮಡಿಸಿ ಚೀಲಕ್ಕೆ ತುಂಬಿ, ಬಾಡಿಗೆ ವಿಮಾನ ಹತ್ತಲು ರೈಲಿನಲ್ಲಿ ಬೆಂಗಳೂರಿಗೆ ಹೋದ. ಆ ರಾತ್ರಿಯೆಲ್ಲ ಇಬ್ಬನಿ.

ಭಾನುವಾರ ಬೆಳಿಗ್ಗೆ ಪಂಕಜಾಕ್ಷಿ ಕಸ ಗುಡಿಸುವಾಗ ಮಿಷನ್ನಿನ ಕೆಳಗೆ ಮಡಿಸಿಟ್ಟಿದ್ದ ಉಳಿಕೆ ರೇಷ್ಮೆ ಸಿಕ್ಕಿತು. ಬಿಚ್ಚಲು ಹೋದಳು. ಬಿಚ್ಚಲಿಲ್ಲ. ತಂಡಿಗೆ ಗಂಜಿ ಹಸಿಯಾಗಿ, ಮಡಿಕೆಗೆ ಮಡಿಕೆ ಹಪ್ಪಳದ ಹಾಗೆ ಅಂಟಿಕೊಂಡಿತ್ತು. ಜಗ್ಗಿದರೆ ಪರ್ರೆಂದು ಹರಿಯಿತು.

ಚೀಲದೊಳಗಿನ ಕೊಡೆಯೂ ಹೀಗೇ ಅಂಟಿಕೊಂಡಿರಬೇಕು.

ಅಂಚೆ ಕಚೇರಿಗೆ ರಜೆ. ಸ್ಟೇಷನ್ನಿಗೆ ಓಡಿದಳು. ತಂತಿ ಕೊಡಿ ಎಂದು ಗೋಗರೆದಳು. ಸ್ಟೇಷನ್ ಮಾಸ್ತರರು ಪಾಪದವರು. "ನನ್ನ ತಂತಿ ರೈಲು ನಿಲ್ಲೋ ಕಡೆಗೆ ಮಾತ್ರ ಹೋಗೋದು ಕಣಮ್ಮಾ. ವಿಮಾನಕ್ಕೆ ಸ್ಟೇಷನ್ ಎಲ್ಲಿದೆ?"

ಊರಾಚೆಯ ಹೊಲದಲ್ಲಿ ಮೂರು ತಾಲ್ಲೂಕಿನ ಜನ. ಸಿಂಗಟಗೆರೆಯವರು ಗಾಡಿ ಕಟ್ಟಿಕೊಂಡು ಬಂದಿದ್ದರು. ನಡುವೆ ಕರಿ ಎರೆಮಣ್ಣಿನ ಮೇಲೆ ಎರಡು ಬಿಳಿ ಪಟ್ಟೆಗಳು, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಅದನ್ನು ಹೊಲಿದವಳೂ ಅವಳೇ. ಟಿ ಎಂದರೆ ಜಿಗಿ. ಕತ್ತರಿಯ ಹಾಗೆ ಅಡ್ಡಡ್ಡ ಹಾಸಿದರೆ ಜಿಗಿಯಬೇಡ ಎಂದು ಷಣ್ಮುಖಪ್ಪ ಹೇಳಿಕೊಟ್ಟಿದ್ದ.

ಅವನ ಗೆಳೆಯ ಸಿದ್ದಪ್ಪ ಟಿಕೆಟ್ ಹರಿದು ಕೊಡುತ್ತಿದ್ದ.

"ಸಿದ್ದಪ್ಪಣ್ಣ, ಗುರುತು ಬದಲಾಯಿಸಿ. ಕೊಡೆ ಬಿಚ್ಚಲ್ಲ. ನಾನು ಗಂಜಿ ಹಾಕಿದೀನಿ."

"ಗಂಜಿನಾ? ತಲೆ ನೆಟ್ಟಗೈತೇನವ್ವಾ? ಈಗ ಬ್ಯಾಡ ಅಂದ್ರೆ ಈ ಜನ ನನ್ನ ಚರ್ಮ ಸುಲೀತಾರೆ. ಕಂಪನಿ ಇವತ್ತಿಗೇ ಮುಗೀತದೆ."

ಅದು ಅವಳಿಗೂ ಗೊತ್ತಿತ್ತು. ಕಂಪನಿ ಮುಗಿದರೆ ಸೋಮವಾರ ಇಲ್ಲ. ಸೋಮವಾರ ಇಲ್ಲದಿದ್ದರೆ ಬುಧವಾರ ಬಂದೇ ಬರುತ್ತದೆ. ದಕ್ಷಿಣದಲ್ಲಿ ಗುಂಯ್ ಎಂಬ ಸದ್ದು ಕೇಳಿತು.

ಅವಳು ಓಡಿಹೋಗಿ ಪಟ್ಟೆಯೊಂದನ್ನು ಎಳೆದು ಕತ್ತರಿಯ ಹಾಗೆ ಹಾಕಿದಳು. ಗಾಳಿ ಎತ್ತಿತು. ಮತ್ತೆ ಎಳೆದು, ಎರಡು ಪಟ್ಟೆ ಕೂಡುವಲ್ಲಿ ತಾನೇ ಕೂತುಬಿಟ್ಟಳು.

"ಏಳೇ ಮೇಲೆ," ಎಂದು ಗುಂಪಿನಿಂದ ಯಾರೋ ಕೂಗಿದರು.

"ತರೀಕೆರೆ ಗಂಡು ಒಪ್ಪಿಗೆ ಇಲ್ವಂತೆ ಕಣ್ರೋ. ಅದಕ್ಕೇ ಆಟ ಹೂಡವ್ಳೆ."

ಒಂದು ಮಣ್ಣಹೆಂಟೆ ಬಂದು ಭುಜಕ್ಕೆ ತಾಗಿತು. ಇನ್ನೊಂದು ಹಣೆಗೆ. ಜನರ ನಡುವೆ ಅಪ್ಪನ ಮುಖ ಕಂಡಿತು. ಆಮೇಲೆ ಅದೂ ಕಾಣಲಿಲ್ಲ. ವಿಮಾನ ಒಂದು ಸುತ್ತು ಬಂತು. ಎರಡನೆಯ ಸುತ್ತಿಗೆ ಅದರ ಹೊಟ್ಟೆಯ ಬಳಿ ಕಡ್ಡಿಯಂಥದ್ದೊಂದು ಹೊರಚಾಚಿತು. ಕಾಲು. ಬೇಡ, ಬೇಡ ಎಂದು ಅವಳು ಮಣ್ಣು ಹಿಡಿದುಕೊಂಡಳು. ಮೂರನೆಯ ಸುತ್ತಿಗೆ ವಿಮಾನ ರೆಕ್ಕೆ ವಾಲಿಸಿ ಬೆಂಗಳೂರಿನ ದಿಕ್ಕಿಗೆ ಹೊರಟುಹೋಯಿತು.

ಜನ ಟಿಕೆಟ್ ಗೂಡು ಕಿತ್ತರು. ಸಿದ್ದಪ್ಪನ ಅಂಗಿ ಹರಿಯಿತು.

ಸೋಮವಾರ ಬೆಳಗಿನ ರೈಲಿಗೆ ಷಣ್ಮುಖಪ್ಪ ಇಳಿದಾಗ ಅವಳು ಪ್ಲಾಟ್‌ಫಾರಂನ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಹಣೆಯಲ್ಲಿ ಬಾವು. ಎಲ್ಲವನ್ನೂ ಹೇಳಿದಳು. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ.

"ಜಿಗಿಯೋಕಾಗದಂಥ ಗಾಳಿ ಇರ್ಲಿಲ್ಲ. ಯಾರೋ ಗುರುತು ತಪ್ಪು ಹಾಕವ್ರೆ ಅಂತ ಕಾಲು ಹೊರಗಿಟ್ಟೆ. ನೋಡಿದ್ರೆ ಸುತ್ತ ಜನ ಇರುವೆ ಥರ ಓಡಾಡ್ತಾವ್ರೆ, ನಡುವೆ ಒಬ್ರು ಮಾತ್ರ ಅಲ್ಲಾಡ್ತಿಲ್ಲ."

"ನಾನು ಅಂತ ಕಾಣಿಸ್ತಾ?"

"ಮುಖ ಎಲ್ಲಿ ಕಾಣುತ್ತೆ? ಅಷ್ಟು ಹಟ ಈ ಊರಲ್ಲಿ ಇನ್ಯಾರಿಗೈತೆ?"

ಅವಳು ನಗಲು ಹೋಗಿ ಅತ್ತಳು. "ಈಗ ಬಿಚ್ಚಿ ನೋಡೋಣ್ವಾ?"

ಅವನು ಚೀಲದ ಮೇಲೆ ಅಂಗೈ ಇಟ್ಟ. "ಬೇಡ. ಬಿಚ್ಚಿಕೊಂಡ್ರೆ, ನನ್ನ ಕಂಪನಿ ಮುಳುಗಿಸ್ದೆ ಅಂತ ನೀನು ಜೀವಮಾನ ಅಳ್ತೀಯ. ಬಿಚ್ಚಿಕೊಳ್ದಿದ್ರೆ ನಂಗೆ ಇನ್ನು ನಿದ್ದೆ ಬರಲ್ಲ." ಚೀಲವನ್ನು ಬೆಂಚಿನ ಕೆಳಗೆ ತಳ್ಳಿ, "ನಿಮ್ಮಪ್ಪನ್ನ ಕೇಳೋಕೆ ನನ್ಹತ್ರ ಇನ್ನೇನೂ ಉಳೀಲಿಲ್ಲ ಪಂಕಜ," ಎಂದ.

"ಬಾಯಿ ಐತಲ್ಲ."

ಅಂಗಡಿಯಲ್ಲಿ ಶಿವಮೂರ್ತಪ್ಪ ಗಜದ ಕೋಲು ಹಿಡಿದು ಬಟ್ಟೆ ಅಳೆಯುತ್ತಿದ್ದರು. ತಲೆಯೆತ್ತಲಿಲ್ಲ.

"ತರೀಕೆರೆಯವರು ಹೇಳಿ ಕಳಿಸವ್ರೆ. ಮೂರು ತಾಲ್ಲೂಕಿನ ಮುಂದೆ ಮಣ್ಣಲ್ಲಿ ಕೂತ ಹುಡುಗಿ ಬೇಡವಂತೆ."

"ನನಗೆ ಬೇಕು," ಎಂದ ಷಣ್ಮುಖಪ್ಪ.

ಕೋಲು ನಿಂತಿತು. "ಹಾರೋದು ಹೋಯ್ತಲ್ಲಪ್ಪಾ, ಇನ್ನೇನು ಮಾಡ್ತೀಯ?"

"ಹೊಲಿಯೋದು ಕಲೀತೀನಿ."

ಮಾಘದಲ್ಲಿ ಮದುವೆಯಾಯಿತು. ಕಡೂರಿನಲ್ಲಿ ಇಬ್ಬರೂ ಲಾರಿ ಟಾರ್ಪಾಲ್ ಹೊಲಿದು ಬದುಕಿದರು. ಚೆನ್ನಾಗಿಯೇ ಬದುಕಿದರು ಎನ್ನುತ್ತಾರೆ. ಮೇಲೆ ಎಂದಾದರೂ ವಿಮಾನದ ಸದ್ದಾದರೆ ಅವನು ಎದ್ದು ಅಂಗಳಕ್ಕೆ ಹೋಗಿ, ಸದ್ದು ಅಳಿಯುವವರೆಗೂ ನಿಂತಿರುತ್ತಿದ್ದ. ಒಳಗೆ ಅವಳ ಮಿಷನ್ನು ನಿಂತಿರುತ್ತಿತ್ತು. ಆಗ ಅವನ ಮನಸ್ಸಿನಲ್ಲಿ ಏನಿತ್ತು? ಅವಳು ಒಮ್ಮೆಯೂ ಕೇಳಲಿಲ್ಲ, ಅವನಾಗಿ ಹೇಳಲಿಲ್ಲ. ನನಗೂ ಗೊತ್ತಿಲ್ಲ.