ಪರದೆಯ ಹಿಂದಿನ ಮೆಕ್ಯಾನಿಕ್

"ಕರೀರಿ ಆ ನಿಮ್ಮ ಮೆಕ್ಯಾನಿಕ್‌ನ! ಆ ಮಹಾನುಭಾವನ ಮುಖ ಒಂದ್ಸಲ ನೋಡ್ಬೇಕು ನಾನು!"

ಗಾಜಿನ ಕೌಂಟರಿನ ಮೇಲೆ ಕ್ಯಾಮೆರಾ ಟಪ್ಪೆಂದು ಕೂತ ಸದ್ದು ಪರದೆಯ ಹಿಂದಿದ್ದವಳ ಎದೆಗೇ ಬಡಿಯಿತು. ಚಿಮಟ ಜಾರಿತು. ಅರ್ಧ ಗಂಟೆ ಉಸಿರು ಬಿಗಿಹಿಡಿದು ಎತ್ತಿಕೊಂಡಿದ್ದ ಕೂದಲೆಳೆಯಂಥ ಸ್ಪ್ರಿಂಗು ನೆಲದ ಪಾಲಾಯಿತು.

'ಯಾರಪ್ಪಾ ಇವನು... ಕ್ಯಾಮೆರಾನ ಹೀಗೆ ಕುಕ್ತಾನಲ್ಲ! ಅದೇನು ಒನಕೆನಾ?'

ಅದು ಅವಳ ಸೋದರಮಾವನ ಫೋಟೊ ಅಂಗಡಿ. ಮುಂದುಗಡೆ ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟೂಲು, ಗೋಡೆ ತುಂಬ ಫ್ರೇಮುಗಳು. ಹಿಂದುಗಡೆ ಒಂದು ನೀಲಿ ಪರದೆ. ಪರದೆಯ ಆಚೆ ತಾತನ ಕಾಲದ ಮೇಜು, ಬಾಗಿದ ಕತ್ತಿನ ದೀಪ, ಸ್ಕ್ರೂಗಳನ್ನು ಬೇರೆ ಬೇರೆ ಹಾಕಿಡುವ ಮಾತ್ರೆ ಡಬ್ಬಿಗಳು. ತಾತ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಆ ಮೇಜಿನ ಮುಂದೆ ಕೂತು ಸತ್ತ ಕ್ಯಾಮೆರಾಗಳಿಗೆ ಜೀವ ಕೊಡುತ್ತಿದ್ದವಳು ಇವಳೇ, ಮನೆಯವರ ಬಾಯಲ್ಲಿ 'ಚೂಟಿ'.

ಆದರೆ ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ! "ಹೆಣ್ಣು ಹುಡುಗಿ ರಿಪೇರಿ ಮಾಡ್ತಾಳೆ ಅಂದ್ರೆ ಯಾರು ಕೊಡ್ತಾರಮ್ಮ ಕ್ಯಾಮೆರಾನ?" ಎನ್ನುವುದು ಮಾವನ ವಾದ. ಯಾರು ಕೇಳಿದರೂ "ನಮ್ಮ ಮೆಕ್ಯಾನಿಕ್ ಒಬ್ಬ ಇದ್ದಾನೆ, ಭಾರಿ ಕೈಗುಣ" ಎಂದು ಬೀಗುತ್ತಿದ್ದ. ಕೈ ಕೆಸರಾಗುತ್ತಿದ್ದದ್ದು ಇವಳದು, ಬಾಯಿ ಮೊಸರಾಗುತ್ತಿದ್ದದ್ದು ಮಾವನದು.

ಅವಳು ಪರದೆ ಸರಿಸಿ ಹೊರಗೆ ಬಂದಳು.

"ನಾನೇ ಮೆಕ್ಯಾನಿಕ್. ಏನಾಯ್ತು, ಹೇಳಿ."

ಎದುರಿಗಿದ್ದವನು ಒಂದು ಕ್ಷಣ ಬೆಪ್ಪಾದ. ಮೂವತ್ತರ ಆಸುಪಾಸು, ತೋಳು ಮಡಚಿದ ಅಂಗಿ, ಬೆರಳ ತುದಿಗೆಲ್ಲ ಸೀಮೆಸುಣ್ಣದ ಪುಡಿ. ಆ ಪುಡಿಯ ಮೇಲೇ ಅವಳ ಕಣ್ಣು ನಿಂತಿತು.

'ಅಯ್ಯೋ... ಇವನೇನಾ ಮೇಷ್ಟ್ರು?'

ಹೌದು, ಮೇಷ್ಟ್ರೇ! ಶಾಲೆಯ ಮಕ್ಕಳಿಗೆ ಫೋಟೊ ತೆಗೆಯುವುದು ಕಲಿಸಲೆಂದು ಯಾರ‍್ಯಾರದೋ ಅಟ್ಟದಿಂದ ಹಳೆಯ ಕ್ಯಾಮೆರಾ ಬೇಡಿ ತಂದು, ಆರು ತಿಂಗಳಿಂದ ಒಂದೊಂದಾಗಿ ರಿಪೇರಿಗೆ ಕೊಡುತ್ತಿದ್ದ ಆಸಾಮಿ. ಮುಖ ಕಂಡವಳಲ್ಲ ಅವಳು. ಆದರೆ ಅಕ್ಷರ ಚೆನ್ನಾಗಿ ಗೊತ್ತು.

ರಿಪೇರಿಯಾದ ಪ್ರತಿ ಕ್ಯಾಮೆರಾದ ಜೊತೆ ಒಂದು ಚೀಟಿ ಬರೆದಿಡುವುದು ಅವಳ ಪದ್ಧತಿ. ಮೊದಲನೆಯದಕ್ಕೆ ಬರೆದಿದ್ದಳು: 'ಬ್ಯಾಟರಿ ಒಳಗೇ ಬಿಟ್ಟು ವರ್ಷಗಟ್ಟಲೆ ಮಲಗಿಸಿದರೆ ಅದು ಸೋರಿ ಎಲ್ಲವನ್ನೂ ತಿಂದುಹಾಕುತ್ತದೆ. ವಿನೆಗರ್ ಹಚ್ಚಿ ಉಜ್ಜಿ ಉಜ್ಜಿ ನನ್ನ ಬೆರಳು ಸವೆದವು. ನಿಮ್ಮ ಊಟದ ಡಬ್ಬಿಯನ್ನೂ ಹೀಗೇ ಬಿಡುತ್ತೀರಾ?'

ಎರಡನೆಯ ಕ್ಯಾಮೆರಾ ಬಂದಾಗ ಅದರ ಪಟ್ಟಿಗೆ ಉತ್ತರ ಸಿಕ್ಕಿಸಿತ್ತು. 'ಒಮ್ಮೆ ಬಿಟ್ಟಿದ್ದೆ, ಇಡೀ ಬೇಸಿಗೆ ರಜೆ. ಆ ಕಥೆ ಕೇಳಬೇಡಿ. ಇಂತಿ, ಮೇಷ್ಟ್ರು.'

ಅವಳು ಅವತ್ತು ಒಬ್ಬಳೇ ಕೂತು ನಕ್ಕಿದ್ದಳು.

ಎರಡನೆಯದು ರೀಲ್ ಹಾಕುವ ಕ್ಯಾಮೆರಾ. ಹಿಂಬಾಗಿಲ ಅಂಚಿನ ಸ್ಪಂಜು ಕರಗಿ ಅಂಟಾಗಿ, ಸಂದಿಯಿಂದ ಬೆಳಕು ನುಗ್ಗಿ ಎಲ್ಲ ಫೋಟೊಗಳಿಗೂ ಕಿತ್ತಳೆ ಬಣ್ಣದ ಗೆರೆ ಬೀಳುತ್ತಿತ್ತು. ಅವಳು ಹೊಸ ಸ್ಪಂಜು ಕತ್ತರಿಸಿ ಅಂಟಿಸಿ, 'ತಪ್ಪು ತೆಗೆದವರದಲ್ಲ' ಎಂದು ಬರೆದಳು. ಅದಕ್ಕೆ ಉತ್ತರ: 'ಅಯ್ಯೋ, ಮಕ್ಕಳನ್ನು ಬೈದುಬಿಟ್ಟಿದ್ದೆ. ಇವತ್ತು ಇಡೀ ತರಗತಿಯ ಮುಂದೆ ಕ್ಷಮೆ ಕೇಳಿದೆ.'

ಆ ಉತ್ತರ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇಂಥ ಮನುಷ್ಯನೂ ಇರುತ್ತಾನಾ... ಎಂದುಕೊಂಡಿದ್ದಳು. ಮಾವ ಮಾತ್ರ ಚೀಟಿ ಕೈಗಿಟ್ಟಾಗೆಲ್ಲ "ಇದೇನು ಫೋಟೊ ಅಂಗಡಿನೋ, ಪೋಸ್ಟಾಫೀಸೋ" ಎಂದು ಗೊಣಗುತ್ತಿದ್ದ.

ಆ ಮನುಷ್ಯನೇ ಈಗ ಏಳೆಂಟು ಜನ ಗಿರಾಕಿಗಳ ಎದುರು ಕೆಂಡ ಕಾರುತ್ತಿದ್ದಾನೆ!

"ನಂಬಿ ಕೊಟ್ಟೆ ಕಣ್ರೀ! ಒಂದು ತಿಂಗಳಿಂದ ಸರದಿ ಕಾದ ಹುಡುಗಿ, ಇವತ್ತು ಎಲ್ಲರ ಮುಂದೆ ಗುಂಡಿ ಒತ್ತಿದ್ರೆ ಎರರ್ ಅನ್ನುತ್ತೆ ಇದು. ನೀನೇ ಕೆಡಿಸಿದೆ ಅಂತ ಎಲ್ಲ ಸೇರಿ ಆ ಮಗೂನ ಅಳಿಸಿದ್ರು. ಬರದಿರೋ ಕೆಲಸಕ್ಕೆ ಯಾಕ್ರೀ ಕೈ ಹಾಕ್ತೀರಿ?"

"ಬರದಿರೋ ಕೆಲಸಾನಾ?" ಅವಳ ಕಿವಿ ಬಿಸಿಯಾಯಿತು. "ಇಲ್ಲಿಂದ ಹೋಗೋವಾಗ ಸರಿಯಾಗಿತ್ತು. ಕೊಡಿ ಇಲ್ಲಿ, ಒಂದ್ನಿಮಿಷ ನೋಡ್ತೀನಿ..."

ಅಷ್ಟರಲ್ಲಿ ಮಾವ ನಡುವೆ ಬಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು.

"ಬಿಡಿ ಸಾರ್, ಬಿಡಿ. ಹುಡುಗಿ ಇನ್ನೂ ಕಲೀತಿದ್ದಾಳೆ. ಒಂದನೇ ತಾರೀಖಿನಿಂದ ಒಳ್ಳೆ ಮೆಕ್ಯಾನಿಕ್ ಬರ್ತಿದ್ದಾನೆ, ಗಂಡಸು. ಮಾತಾಡಿದೀನಿ. ಮತ್ತೆ ಹಿಂಗಾಗಲ್ಲ."

ಅವಳು ಮಾವನ ಮುಖವನ್ನೇ ನೋಡಿದಳು.

ಕಲೀತಿದ್ದಾಳಾ? ಒಂಬತ್ತು ವರ್ಷ! ಬೇರೆ ಮೆಕ್ಯಾನಿಕ್ಕಾ? ತಾತನ ಮೇಜಿಗೆ? ತನಗೆ ಒಂದು ಮಾತೂ ಹೇಳದೆ!

ಮೇಷ್ಟ್ರು ಕ್ಯಾಮೆರಾ ಅಲ್ಲೇ ಬಿಟ್ಟು ದುಡುದುಡು ನಡೆದುಬಿಟ್ಟ. ಸ್ಟೂಲಿನ ಮೇಲೆ ಫೋಟೊಗೆ ಕೂತಿದ್ದ ಹೆಂಗಸೊಬ್ಬಳು ಅಯ್ಯೋ ಪಾಪ ಎಂಬಂತೆ ಇವಳನ್ನು ನೋಡಿದಳು. ಆ ನೋಟ ಬೈಗುಳಕ್ಕಿಂತ ಚುಚ್ಚಿತು.

ಅವಳು ಕ್ಯಾಮೆರಾದ ತಳದ ಮುಚ್ಚಳ ತೆರೆದಳು. ಒಳಗೆ ಹೊಚ್ಚಹೊಸ ಮೆಮೊರಿ ಕಾರ್ಡು. ಅರವತ್ತನಾಲ್ಕು ಜಿಬಿ!

ಇಪ್ಪತ್ತು ವರ್ಷದ ಹಿಂದಿನ ಕ್ಯಾಮೆರಾ ಅದು. ಎರಡು ಜಿಬಿಗಿಂತ ದೊಡ್ಡ ಕಾರ್ಡು ಅದಕ್ಕೆ ಓದಲು ಬರುವುದೇ ಇಲ್ಲ. ಕೆಟ್ಟಿರಲಿಲ್ಲ ಪಾಪ, ತನ್ನ ಕಾಲದಲ್ಲಿ ಇನ್ನೂ ಹುಟ್ಟದಿದ್ದದ್ದು ಗೊತ್ತಿಲ್ಲ ಎಂದಿತ್ತು ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗಾಯಿತು!

'ಚೀಟಿಯಲ್ಲಿ ಕೆಂಪು ಇಂಕಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ದೊಡ್ಡ ಕಾರ್ಡು ಹಾಕಬೇಡಿ ಅಂತ. ಓದೋಕೂ ಪುರಸೊತ್ತಿಲ್ಲ, ಬೈಯೋಕೆ ಮಾತ್ರ ಪುರಸೊತ್ತು!'

"ಮಾವ, ನೋಡಿ ಇಲ್ಲಿ. ತಪ್ಪು ನನ್ನದಲ್ಲ."

ಮಾವ ತಿರುಗಿಯೂ ನೋಡಲಿಲ್ಲ. "ಯಾರದಾದ್ರೇನು? ಪರದೆ ಹಿಂದೆ ಹುಡುಗಿ ಅಂತ ಎಲ್ಲರಿಗೂ ಗೊತ್ತಾಯ್ತಲ್ಲ. ನೀನು ಯಾಕೆ ಹೊರಗೆ ಬಂದೆ?"

ಒಂದನೇ ತಾರೀಖಿಗೆ ಇನ್ನು ಹತ್ತು ದಿನವಿತ್ತು.

ಮರುದಿನ ಮಧ್ಯಾಹ್ನ, ಅಂಗಡಿಯಲ್ಲಿ ನರಪಿಳ್ಳೆಯೂ ಇಲ್ಲದ ಹೊತ್ತಿಗೆ ಮೇಷ್ಟ್ರು ಬಂದ. ಅವಳು ಕ್ಯಾಮೆರಾ ತಂದು ಕೌಂಟರಿನ ಮೇಲಿಟ್ಟಳು. ತನ್ನ ಎರಡು ಜಿಬಿ ಕಾರ್ಡು ಹಾಕಿ ಗುಂಡಿ ಒತ್ತಿದಳು, ಕ್ಲಿಕ್! ಅವನ ಕಾರ್ಡು ಹಾಕಿ ಒತ್ತಿದಳು, ಎರರ್. ಮತ್ತೆ ತನ್ನದು, ಕ್ಲಿಕ್!

ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ಅಯ್ಯೋ..." ಆಚೀಚೆ ನೋಡಿ, ದನಿ ತಗ್ಗಿಸಿದ. "ತಪ್ಪಾಯ್ತು ಕಣ್ರೀ. ತುಂಬಾ ತಪ್ಪಾಯ್ತು. ಆದ್ರೆ ಈ ಸಲ ನೀವು..."

"ಆದ್ರೆ ಗೀದ್ರೆ ಬೇಡ! ಇಷ್ಟು ಮೆಲ್ಲಗೆ ಯಾಕೆ ಹೇಳ್ತಿದ್ದೀರಿ? ನಿನ್ನೆ ಗಂಟಲು ಚೆನ್ನಾಗಿತ್ತಲ್ಲ?"

"ಅಲ್ಲ, ಅದು..."

"ಬೈಯೋಕೆ ಊರೆಲ್ಲ ಬೇಕು, ಕ್ಷಮೆ ಕೇಳೋಕೆ ಮೂಲೆ ಬೇಕಾ?" ತಡೆದರೂ ಅವಳ ಕಣ್ಣು ತುಂಬಿತು. ಅಳುವುದಕ್ಕೂ ಸಿಟ್ಟು ಬಂತು ಅವಳಿಗೆ. "ನಿಮ್ಮ ಮಾತಿಂದ ನನ್ನ ಮೇಜು ಹೋಗ್ತಿದೆ, ಗೊತ್ತಾ? ನಮ್ಮ ತಾತನ ಮೇಜು! ಬೈದಿದ್ದು ಎಲ್ಲರೂ ಕೇಳಿದ್ರು. ಈ ತಪ್ಪಾಯ್ತು ಅನ್ನೋದನ್ನ ಯಾರು ಕೇಳಿದ್ರು? ಮಕ್ಕಳ ಹತ್ರ ಆದ್ರೆ ಇಡೀ ತರಗತಿ ಮುಂದೆ ಕೇಳ್ತೀರಿ. ನಾನಾದ್ರೆ ಮೂಲೇಲಿ!"

"ಎಲ್ಲರ ಮುಂದೆ ಅಂದ್ರೆ... ಇಲ್ಲಿ ಬರೋರೆಲ್ಲ ನಮ್ಮ ಮಕ್ಕಳ ಅಪ್ಪ ಅಮ್ಮಂದಿರು. ನಾನು ಮೇಷ್ಟ್ರು..."

"ನಾನೂ ಮೆಕ್ಯಾನಿಕ್ಕೇ! ನಿಮಗೊಂದು ಮರ್ಯಾದೆ, ನನಗೊಂದಾ? ತಗೊಳ್ಳಿ ನಿಮ್ಮ ಕ್ಯಾಮೆರಾ. ಹೋಗಿ."

ಅವನು ಹೋದ. ತಿರುಗಿ ನೋಡುತ್ತಾನೇನೋ ಎಂದು ಅವಳು ನೋಡಿದಳು. ನೋಡಲಿಲ್ಲ.

'ಹೋಗ್ಲಿ! ನನಗೇನು!' ಎಂದುಕೊಂಡಳು. ಆದರೆ ಕೋಪ ಇಳಿದ ಜಾಗದಲ್ಲಿ ಏನೋ ನೋಯುತ್ತಿತ್ತು. ಆರು ತಿಂಗಳು ಒಂದು ಚೀಟಿಗಾಗಿ ಕಾದಿದ್ದಳಲ್ಲ, ಹುಚ್ಚಿ! ಆ ಅಕ್ಷರದ ಹಿಂದೆ ಎಂಥವನನ್ನೋ ಕಲ್ಪಿಸಿಕೊಂಡಿದ್ದಳು. ಇವನೂ ಎಲ್ಲರಂಥವನೇ...

ಒಂದು ವಾರ ಕಳೆಯಿತು. ಅವಳು ತಾತನ ಸ್ಕ್ರೂಡ್ರೈವರುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತತೊಡಗಿದಳು. ಫ್ರೇಮಿಗೆ ಗಾಜು ಕೂರಿಸುತ್ತಿದ್ದ ಅತ್ತೆ ಅದನ್ನು ನೋಡಿ ಗಂಡನ ಕಡೆ ಕಣ್ಣು ಬಿಟ್ಟಳು. ಮಾವ ಕಣ್ಣು ತಪ್ಪಿಸಿದ.

ಶನಿವಾರ ಬಂತು. ಶಾಲೆಗಳಿಗೆ ಸೇರಿಸುವ ಕಾಲ, ಎಲ್ಲರಿಗೂ ಫೋಟೊ ಬೇಕು. ಸಾಲು ಬಾಗಿಲು ದಾಟಿ ಬೀದಿಗಿಳಿದಿತ್ತು. ಪರದೆಯ ಸಂದಿಯಿಂದ ಹಣಕಿದ ಅವಳಿಗೆ ಸಾಲಿನ ನಡುವೆ ಸೀಮೆಸುಣ್ಣದ ಕೈಯೊಂದು ಕಂಡಿತು.

'ಇವನ್ಯಾಕೆ ಬಂದ... ಫೋಟೊ ತೆಗೆಸ್ಕೊಳ್ಳೋಕಾ? ನಾಚಿಕೆ ಇಲ್ಲದವನು!'

ಅವನ ಸರದಿ ಬಂತು. ಸ್ಟೂಲಿನ ಮೇಲೆ ಕೂರದೆ, ಜನರ ಕಡೆ ತಿರುಗಿ ನಿಂತ. ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿ ತೆಗೆದ.

"ಎಲ್ಲರೂ ಒಂದ್ನಿಮಿಷ ಕೇಳಿ. ಹೋದ ವಾರ ಇದೇ ಜಾಗದಲ್ಲಿ ನಿಂತು ಈ ಅಂಗಡಿ ಮೆಕ್ಯಾನಿಕ್‌ಗೆ ಕೆಲಸ ಬರಲ್ಲ ಅಂತ ಕೂಗಾಡಿದೆ. ಸುಳ್ಳು. ಕ್ಯಾಮೆರಾ ಸರಿಯಾಗಿತ್ತು. ಹಾಕಬಾರದ ಕಾರ್ಡು ಹಾಕಿದ ದಡ್ಡ ನಾನು. ನನ್ನ ಐದು ಕ್ಯಾಮೆರಾಗಳಿಗೆ ಜೀವ ಕೊಟ್ಟಿದ್ದು ಪರದೆ ಹಿಂದೆ ಕೂತಿರೋ ಆ ಹೆಣ್ಣುಮಗಳು. ಅವರನ್ನ ಜನರ ಮುಂದೆ ಅವಮಾನ ಮಾಡಿದ್ದೆ, ಜನರ ಮುಂದೇನೇ ಕ್ಷಮೆ ಕೇಳ್ತಿದೀನಿ."

ಸಾಲಿನ ಕತ್ತುಗಳೆಲ್ಲ ಪರದೆಯ ಕಡೆ ವಾಲಿದವು. ಅವಳ ಕೈ ಪರದೆಯನ್ನು ಮುದ್ದೆ ಮಾಡಿ ಹಿಡಿದಿತ್ತು.

"ಸಾರ್, ಸಾರ್... ಆಯ್ತು ಬಿಡಿ, ಜನ ಕಾಯ್ತಿದಾರೆ," ಮಾವ ಕೈ ಬೀಸಿದ.

"ಇನ್ನೊಂದೇ ಮಾತು." ಅವನು ಪರದೆಯ ಕಡೆ ತಿರುಗಿದ. "ಪ್ರತಿ ಸಲ ಚೀಟಿ ಬರೀತಿದ್ರಿ. ಈ ಸಲ ಮಾತ್ರ ಯಾಕೆ ಬರೀಲಿಲ್ಲ? ಅವತ್ತು ಕೇಳೋಕೆ ಬಂದೆ, ನೀವು ಬಿಡಲಿಲ್ಲ."

ಅವಳು ಪರದೆ ಕಿತ್ತೆಸೆಯುವಂತೆ ಹೊರಗೆ ಬಂದಳು. "ಬರೀಲಿಲ್ವಾ? ಕೆಂಪು ಇಂಕಲ್ಲಿ ಬರೆದಿದ್ದೆ! ಎರಡು ಗೆರೆ ಎಳೆದು!"

"ನನಗೆ ಸಿಗಲೇ ಇಲ್ಲ..."

ಇಬ್ಬರ ಕಣ್ಣೂ ಒಟ್ಟಿಗೆ ಮಾವನ ಕಡೆ ಹೊರಳಿತು. ಮಾವ ಕ್ಯಾಮೆರಾದ ಲೆನ್ಸು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

"ಒರೆಸಿದ್ದು ಸಾಕು, ಹೇಳ್ರೀ," ಮೂಲೆಯಿಂದ ಅತ್ತೆಯ ದನಿ. "ಕಸದ ಬುಟ್ಟಿಗೆ ಹಾಕಿದ್ದು ನಾನೇ ಕಣ್ಣಾರೆ ಕಂಡಿದೀನಿ."

"ಅದು... ಗಿರಾಕಿಗೆ ಬುದ್ಧಿ ಹೇಳಿದ್ರೆ ಅವರು ಮತ್ತೆ ಬರ್ತಾರೇನೇ? ಅದೂ ಅಲ್ದೆ ದಿನಾ ಚೀಟಿ, ಉತ್ತರ..."

"ಮಾವ!" ಅವಳ ದನಿ ಒಡೆಯಿತು. "ಅವತ್ತು ಅವರು ಅಷ್ಟು ಬೈದಾಗ ನಿಮಗೆ ಗೊತ್ತಿತ್ತು, ಅಲ್ವಾ? ಗೊತ್ತಿದ್ದೂ ನನ್ನನ್ನ ಕಲೀತಿದ್ದಾಳೆ ಅಂದ್ರಲ್ಲ! ಇವರು ಹೊರಗಿನವರು, ತಿಳೀದೆ ಬೈದ್ರು. ನೀವು ತಿಳಿದೂ ಸುಮ್ಮನಿದ್ರಿ."

ಮಾವನ ತಲೆ ತಗ್ಗಿತು. ಈ ಸಲ ಅದು ನಾಟಕವಾಗಿರಲಿಲ್ಲ.

ಸಾಲಿನಲ್ಲಿದ್ದ ಅಜ್ಜ ಒಬ್ಬರು ಗಂಟಲು ಸರಿಮಾಡಿಕೊಂಡರು. "ಅಂದ್ರೆ ನನ್ನ ಕ್ಯಾಮೆರಾ ಶಟರ್ ಸರಿಮಾಡಿದ್ದೂ ಈ ಮಗೂನಾ? ಭೇಷ್! ಮನೇಲಿ ಇನ್ನೊಂದಿದೆ ಕಣಮ್ಮ, ಸೋಮವಾರ ತರ್ಲಾ?"

"ತನ್ನಿ ತಾತ. ಬ್ಯಾಟರಿ ತೆಗೆದು ತನ್ನಿ."

"ಒಂದನೇ ತಾರೀಖು ಬರೋನಿಗೆ ಬೇಡ ಅಂತ ಇವತ್ತೇ ಹೇಳ್ತೀನಿ," ಮಾವ ಮೆಲ್ಲಗೆ ಎಂದ. "ಮೇಜು ನಿನ್ನದೇ, ಚೂಟಿ. ತಪ್ಪಾಯ್ತಮ್ಮ."

"ಅಷ್ಟು ಸಾಲದು ಮಾವ. ಮೇಜು ಮುಂದೆ ಬರುತ್ತೆ."

ಅವಳು ಕೇಳುತ್ತಿರಲಿಲ್ಲ, ಹೇಳುತ್ತಿದ್ದಳು. ಒಳಗೆ ಹೋಗಿ ಮೇಜಿನ ಒಂದು ತುದಿ ಹಿಡಿದು ಎಳೆದಳು. ತಾತನ ಕಾಲದ ಮರ, ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಇನ್ನೊಂದು ತುದಿಗೆ ಎರಡು ಸೀಮೆಸುಣ್ಣದ ಕೈ ಬಂತು.

"ಎತ್ತಿ, ಎಳೀಬೇಡಿ. ಸ್ಕ್ರೂ ಎಲ್ಲ ಚೆಲ್ಲುತ್ತೆ," ಎಂದಳು ಸಿಡುಕಿ.

ಇಬ್ಬರೂ ಸೇರಿ ಎತ್ತಿ ತಂದು ಕಿಟಕಿಯ ಬೆಳಕಿಗೆ ಇಟ್ಟರು. ಜನ ಜಾಗ ಬಿಟ್ಟರು. ಅವಳು ದೀಪ ಇಟ್ಟಳು, ಡಬ್ಬಿಗಳನ್ನು ಜೋಡಿಸಿದಳು. ಅವನು ಇನ್ನೂ ಅಲ್ಲೇ ನಿಂತಿದ್ದ.

"ಮತ್ತೇನು? ಕ್ಷಮೆ ಕೇಳಿದ್ದಾಯ್ತಲ್ಲ."

"ಆಯ್ತು. ಅದಕ್ಕೆ ಒಂದು ವಾರ ಬೇಕಾಯ್ತು ಅನ್ನೋದೇ ನಾಚಿಕೆ. ಬಾಗಿಲ ತನಕ ಬಂದು ಮೂರು ಸಲ ವಾಪಸ್ ಹೋದೆ." ಅವನು ಬೆವರು ಒರೆಸಿಕೊಂಡ, ಹಣೆಗೆಲ್ಲ ಬಿಳಿ ಪುಡಿ ಹತ್ತಿತು. "ಇನ್ನೊಂದು ಹೇಳ್ಬೇಕು. ಚೀಟಿ ಬರೆಯೋರು ಯಾರೋ ಸಿಡುಕು ಮುದುಕ ಅಂದ್ಕೊಂಡಿದ್ದೆ. ಆದ್ರೂ ಆ ಚೀಟಿಗೋಸ್ಕರಾನೇ ಅಟ್ಟ ಅಟ್ಟ ಹುಡುಕಿ ಕೆಟ್ಟ ಕ್ಯಾಮೆರಾ ತರ್ತಿದ್ದೆ. ಈಗ ಮುದುಕ ಅಲ್ಲ ಅಂತ ಗೊತ್ತಾಯ್ತು..."

ಅವನು ಮತ್ತೆ ಜನರ ಕಡೆ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡ. ಅವಳಿಗೆ ದಿಗಿಲಾಯಿತು.

"ಎಲ್ಲರೂ ಕೇಳಿ! ನಾನು ಈ ಮೆಕ್ಯಾನಿಕ್‌ನ ಪ್ರೀತಿಸ್ತಿದೀನಿ!"

ಅಜ್ಜ ಚಪ್ಪಾಳೆ ತಟ್ಟಿಯೇಬಿಟ್ಟರು. ಅತ್ತೆಯ ಕೈಲಿದ್ದ ಫ್ರೇಮು ಬೀಳುವುದೊಂದು ಬಾಕಿ. ಅವಳ ಮುಖ ಕೆಂಪಾಗಿ, ಕಿವಿಯಿಂದ ಹೊಗೆ ಬರುವಂತಾಯಿತು. ಅವನ ತೋಳು ಹಿಡಿದು ಮೇಜಿನ ಹತ್ತಿರ ಎಳೆದುಕೊಂಡಳು.

"ರೀ! ನಿಮಗೆ ಬುದ್ಧಿ ಇದೆಯೇನ್ರೀ?"

"ಮೂಲೇಲಿ ಹೇಳಿದ್ರೆ ಬೈತೀರಲ್ಲ..."

"ತಪ್ಪನ್ನ ಎಲ್ಲರ ಮುಂದೆ ಹೇಳ್ಬೇಕು. ಇದನ್ನಲ್ಲ." ತುಟಿ ಕಚ್ಚಿ ಹಿಡಿದರೂ ನಗು ನಿಲ್ಲಲಿಲ್ಲ. ಆರು ತಿಂಗಳ ಕಾಯುವಿಕೆ, ಒಂದು ವಾರದ ಕುದಿ, ಎಲ್ಲ ಸೇರಿ ಕಣ್ಣಲ್ಲಿ ನೀರಾಗಿ ನಿಂತವು. "ಇದನ್ನ ಮೆಲ್ಲಗೆ ಹೇಳ್ಬೇಕು. ನನಗೆ ಮಾತ್ರ ಕೇಳೋ ಹಾಗೆ."

ಅವನು ಬಗ್ಗಿ, ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

"ಕೇಳಿಸ್ತಾ?"

"ಕೇಳಿಸ್ತು," ಎಂದಳು ಅವಳು ತಲೆ ಎತ್ತದೆ. "ಆದ್ರೂ... ಇನ್ನೊಂದ್ಸಲ ಹೇಳಿ."