ತಪ್ಪು ಗುಳ್ಳೆಗೆ ಬಿದ್ದ ಮಾತು

"ಇದು ಯಾರ ಕೈಕೆಲಸ?"

ಸಂಪಾದಕಿ ಪುಸ್ತಕವನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಚಹಾದ ಲೋಟ ಅಲುಗಾಡಿತು. ಅದಕ್ಕಿಂತ ಜೋರಾಗಿ ಅಲುಗಾಡಿದ್ದು ಅಕ್ಷರದವಳ ಎದೆ.

ಮಾಂಗಾ ಎಂಬ ಜಪಾನಿ ಚಿತ್ರಕಥೆಗಳಲ್ಲಿ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳಿರುತ್ತವಲ್ಲ, ಅವುಗಳೊಳಗೆ ಕನ್ನಡ ಅಕ್ಷರ ಕೂರಿಸುವುದು ಅವಳ ಕೆಲಸ. ಹಾಗಾಗಿ ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಷರದವಳು. ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಅನುವಾದಕ. ಮನೆಯಲ್ಲೇ ಕೂತು, ಕೈಯಲ್ಲೇ ಬರೆದು, ಹಾಳೆಗಳ ಕಟ್ಟು ಕಳಿಸುವವನು. ಎರಡು ವರ್ಷ ಒಂದೇ ಪುಸ್ತಕಕ್ಕೆ ದುಡಿದರೂ ಇಬ್ಬರೂ ಮುಖ ನೋಡಿದ್ದು ಇವತ್ತೇ.

'ದೇವರೇ, ಇವರನ್ನ ಮೊದಲನೇ ಸಲ ನೋಡೋದು ಹೀಗೇನಾ...'

ಅವನು ಅವಳತ್ತ ಕಣ್ಣೆತ್ತಲೇ ಇಲ್ಲ.

ಮಾಂಗಾದ ಹೆಸರು 'ನಾಳೆ ಹೇಳ್ತೀನಿ'. ಹೆಸರಿಗೆ ತಕ್ಕಂತೆ ಅದರ ನಾಯಕ ಇಪ್ಪತ್ತೆರಡು ಸಂಪುಟ ಕಳೆದರೂ ತನ್ನ ಪ್ರೀತಿಯನ್ನು ಹೇಳಿರಲಿಲ್ಲ. ಬಾಯಿ ತೆರೆದಾಗೆಲ್ಲ ಒಮ್ಮೆ ರೈಲು ಕೂಗಿತು, ಒಮ್ಮೆ ಸೀನು ಬಂತು, ಒಮ್ಮೆ ಹುಡುಗಿಯ ಚಿಕ್ಕಪ್ಪನೇ ಬಂದ! ಓದುಗರ ತಾಳ್ಮೆ ಹಾರಿಹೋಗಿತ್ತು. 'ಎಳೆದೂ ಎಳೆದೂ ರಬ್ಬರ್ ಮಾಡಿಟ್ಟಿದ್ದೀರಿ' ಎಂದು ಪತ್ರ ಬರೆದು ಬೈದರು. ಅಕ್ಷರದವಳ ತಂಗಿಯಂತೂ ಇಪ್ಪತ್ತೆರಡನೆಯದನ್ನು ಗೋಡೆಗೆ ಬೀಸಿ ಒಗೆದಿದ್ದಳು.

"ಅಕ್ಕಾ, ಇವನ ಬಾಯಿಗೇನು ಬೀಗ ಹಾಕಿದ್ದಾರಾ?"

ಮೂರು ದಿನದ ಹಿಂದೆ ಇಪ್ಪತ್ತಮೂರನೆಯದು ಬಂತು. ಬೀಗ ಒಡೆಯಿತು. 'ನನಗೆ ನೀವು ಇಷ್ಟ. ಇನ್ನು ಕಾಯೋಕೆ ಆಗ್ತಿಲ್ಲ' ಎಂದ ನಾಯಕ. ತಂಗಿ ಹಾಸಿಗೆಯ ಮೇಲೆ ನಿಂತು ಕುಣಿದಳು.

ಆದರೆ ಮೂಲದಲ್ಲಿ ಅವನು ಹಾಗೆ ಹೇಳಿರಲೇ ಇಲ್ಲ!

"ಮೂಲದಲ್ಲಿ ಆ ಗುಳ್ಳೆಯೊಳಗೆ ಇರೋದು ಬರೀ ಮೂರು ಚುಕ್ಕಿ," ಎಂದರು ಸಂಪಾದಕಿ. "ಮುಂದಿನ ಸಂಪುಟದಲ್ಲೂ ಆ ಹುಡುಗಿ 'ಇವನಿಗೆ ನಾನಂದ್ರೆ ಇಷ್ಟಾನಾ' ಅಂತ ತಲೆ ಕೆಡಿಸ್ಕೊಂಡಿರ್ತಾಳೆ. ಅವಳಿಗೇನು ಕಿವಿ ಕೇಳ್ಸಲ್ವಾ ಅನ್ನಲ್ವಾ ಜನ? ಮೂಲದ ಪ್ರಕಾಶಕರು ಸಂಜೆಯೊಳಗೆ ಉತ್ತರ ಕೇಳಿದ್ದಾರೆ. ಕಣ್ತಪ್ಪಿ ಆಗಿದ್ರೆ ತಿದ್ದುಪಡಿ ಚೀಟಿ ಅಂಟಿಸಿ ಮುಗಿಸಬಹುದು. ಬೇಕಂತಲೇ ಕಥೆ ತಿದ್ದಿದ್ರೆ ಮಾತ್ರ, ಅವರಿಗೆ ಇಲ್ಲಿ ಇನ್ನು ಕೆಲಸ ಇಲ್ಲ."

"ಬೇಕಂತಲೇ ಬರೆದೆ ಮೇಡಂ," ಅನುವಾದಕ ತಗ್ಗಿದ ದನಿಯಲ್ಲಿ ಹೇಳಿದ. "ಓದುಗರ ಸಂಕಟ ನೋಡೋಕಾಗ್ಲಿಲ್ಲ. ಅಕ್ಷರದವರದ್ದು ಏನೂ ತಪ್ಪಿಲ್ಲ. ನಾನು ಕೊಟ್ಟಿದ್ದನ್ನ ಕೂರಿಸಿದ್ದಾರೆ, ಅಷ್ಟೇ."

ಎದ್ದು ಹೊರಟೇಬಿಟ್ಟ.

ಅಕ್ಷರದವಳು ಮೇಜಿನ ಮೇಲಿದ್ದ ಪುಸ್ತಕದಲ್ಲಿ ಆ ಪುಟ ತೆರೆದಳು. ತಪ್ಪು ತನ್ನದೂ ಇದೆಯಲ್ಲ! ಆ ಗುಳ್ಳೆ ಹೆಬ್ಬೆರಳ ಉಗುರಿನಷ್ಟಿತ್ತು. ಮಾತು ಹಿಡಿಸದೆ ಅಕ್ಷರ ಸಣ್ಣದು ಮಾಡಿ ತುರುಕಿದ್ದಳು. ಮೂಲದೊಂದಿಗೆ ಹೋಲಿಸಿ ನೋಡಬೇಕಿತ್ತು. 'ಅಬ್ಬಾ, ಕೊನೆಗೂ ಹೇಳಿದನಲ್ಲ' ಎಂಬ ಸಂಭ್ರಮದಲ್ಲಿ ನೋಡಲೇ ಇಲ್ಲ.

ಇನ್ನೊಂದು ಸಂಕಟ ಅದಕ್ಕೂ ಹಳೆಯದು.

ಅನುವಾದಕನ ಹಾಳೆಯಲ್ಲಿ ನೀಲಿ ಶಾಯಿಯ ಮಾತು ಗುಳ್ಳೆಗೆ, ಕೆಂಪು ಶಾಯಿಯದು ಅವಳಿಗೆ. ಅದು ಕಚೇರಿಯ ನಿಯಮ. 'ಅಕ್ಷರದವರೇ, ಈ ಗುಳ್ಳೆ ಚಿಕ್ಕದು, ಬೈಕೋಬೇಡಿ.' 'ಇಲ್ಲಿ ಹುಡುಗಿ ಅಳ್ತಾಳೆ, ನೀವು ಅಳಬೇಡಿ.' ಹೊಸ ಕಟ್ಟು ಬಂದೊಡನೆ ಅವಳು ಮೊದಲು ಹುಡುಕುತ್ತಿದ್ದದ್ದು ಕೆಂಪನ್ನೇ. ಎರಡು ತಿಂಗಳಿಂದ ಅದು ನಿಂತುಹೋಗಿತ್ತು. 'ನಾನೇನು ತಪ್ಪು ಮಾಡಿದೆ?' ಎಂದು ಯೋಚಿಸಿ ಯೋಚಿಸಿ ತಲೆ ಚಿಟ್ಟುಹಿಡಿದಿತ್ತು.

ಅವಳು ಕಪಾಟಿಗೆ ಓಡಿದಳು. ಅವನು ಕಳಿಸಿದ್ದ ಇಪ್ಪತ್ತಮೂರನೆಯ ಕಟ್ಟು ಬಿಚ್ಚಿದಳು.

ಆ ಪುಟದಲ್ಲಿ ನೀಲಿಯಲ್ಲಿ ಮೂರು ಚುಕ್ಕಿಗಳಿದ್ದವು. ಅದರ ಕೆಳಗೆ, ಅದೇ ನೀಲಿಯಲ್ಲಿ, ಆ ಸಾಲು.

ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಮೂರನೆಯ ಸಲ ಕಣ್ಣು 'ನೀವು' ಎಂಬಲ್ಲಿ ನಿಂತುಬಿಟ್ಟಿತು.

ಕಥೆಯ ನಾಯಕ ಆ ಹುಡುಗಿಯ ಜೊತೆ ಆಡಿ ಬೆಳೆದವನು. ಜಗಳವಾಡಲಿ, ರಮಿಸಲಿ, ಅವನ ಬಾಯಲ್ಲಿ 'ನೀನು' ಬಿಟ್ಟು ಬೇರೆ ಮಾತೇ ಬಂದಿರಲಿಲ್ಲ. ಈ ಹಾಳೆಗಳಲ್ಲಿ 'ನೀವು' ಅನ್ನಿಸಿಕೊಂಡವಳು ಒಬ್ಬಳೇ ಒಬ್ಬಳು.

'ನಾನು...! ಇದು ನನಗೆ ಬರೆದದ್ದು!'

ಅವಳು ಹಾಳೆ ಹಿಡಿದು ಮೆಟ್ಟಿಲು ಹಾರಿಕೊಂಡು ಇಳಿದಳು.

"ನಿಲ್ಲಿ! ಸ್ವಲ್ಪ ನಿಲ್ಲಿ!"

ಕೆಳಗಿನ ಬಾಗಿಲಲ್ಲಿ ಅವನು ತಿರುಗಿದ. ಹಾಳೆ ಕಂಡೊಡನೆ ಮುಖ ಬಿಳಿಚಿಕೊಂಡಿತು.

"ಇದು ಕಥೆಯ ಮಾತಲ್ಲ, ಅಲ್ವಾ?"

ಅವನು ಸುಮ್ಮನಿದ್ದ.

'ಇವರೂ ಮೂರು ಚುಕ್ಕಿ ಇಟ್ಟು ನಿಂತರಲ್ಲಪ್ಪಾ...'

"ಹೇಳಿಬಿಡಿ ಮಹಾರಾಯರೇ! ನನ್ನ ಜೀವ ಹೋಗ್ತಿದೆ!"

"ಅಲ್ಲ," ಎಂದನವನು. "ಧೈರ್ಯ ಬಂದ ಹೊತ್ತಿಗೇ ಕೆಂಪು ಪೆನ್ನು ಕೈಕೊಡ್ತು. ಇನ್ನೊಂದು ತರೋಷ್ಟರಲ್ಲಿ ಧೈರ್ಯ ಹೋಗ್ಬಿಡುತ್ತೆ ಅಂತ ನೀಲಿಯಲ್ಲೇ ಬರೆದೆ. ನಿಮಗೆ ಗೊತ್ತಾಗುತ್ತೆ ಅಂದ್ಕೊಂಡೆ. ಎರಡು ತಿಂಗಳು ಕಾದೆ... ಉತ್ತರ ಬರ್ಲಿಲ್ಲ. ನಿಮಗೆ ಇಷ್ಟ ಇಲ್ಲ ಅಂತ ಕೆಂಪು ಪೆನ್ನೇ ಮುಟ್ಟಲಿಲ್ಲ. ಮೊನ್ನೆ ಪುಸ್ತಕ ಬಿಡಿಸಿ ನೋಡಿದ್ರೆ ನನ್ನ ಮಾತು ಅವನ ಬಾಯಲ್ಲಿ!"

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಮತ್ತೆ ಮೇಲೆ ಯಾಕೆ ಸುಳ್ಳು ಹೇಳಿದ್ರಿ? ಕೆಲಸ ಹೋಗುತ್ತೆ!"

"ನಿಜ ಹೇಳಿದ್ರೆ ಈ ಹಾಳೆ ತೋರಿಸಬೇಕಾಗ್ತಿತ್ತು. ನೀವು ಕಚೇರಿಯೋರ ಬಾಯಿಗೆ ಬೀಳ್ತಿದ್ರಿ."

"ನಡೀರಿ ಮೇಲೆ. ತೋರಿಸೋಣ."

"ಎಲ್ಲರಿಗೂ ಗೊತ್ತಾಗುತ್ತೆ..."

"ಮೂರು ದಿನದಿಂದ ಊರೆಲ್ಲ ಓದ್ತಿದೆ! ಗೊತ್ತಿಲ್ಲದೆ ಇದ್ದೋಳು ನಾನೊಬ್ಬಳೇ."

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನ ಕೈ ಅತ್ತ ಹೋಯಿತು.

"ಎತ್ತಿದ್ರೆ ನೋಡಿ!" ಅವಳು ಆ ಕೈಯನ್ನೇ ಹಿಡಿದುಕೊಂಡಳು. "ನನಗೂ ನೀವು ಇಷ್ಟ. ಕೇಳಿಸ್ತಾ?"

"ಕೇಳಿಸ್ತು," ಎಂದನವನು.

ಮೇಲೆ, ಸಂಪಾದಕಿ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ಇಳಿಸಿ ಇಬ್ಬರನ್ನೂ ನೋಡಿದರು.

"ಕಣ್ತಪ್ಪು ಅಂತಲೇ ಬರೀತೀನಿ. ಚೀಟಿ ಅಂಟಿಸೋ ಕೆಲಸ ಮಾತ್ರ ನಿಮ್ಮದೇ. ಸರಿ, ಯಾರ ಕಣ್ತಪ್ಪು ಅಂತ ಹಾಕ್ಲಿ?"

"ನಂದು," ಎಂದನವನು.

"ನಂದು," ಎಂದಳವಳು.

"ಒಂದು ಹೆಸರು ಹೇಳ್ರಪ್ಪಾ!"

"ಇಬ್ಬರದ್ದೂ ಬರೀರಿ ಮೇಡಂ," ಎಂದಳು ಅವಳು.

ಸಂಪಾದಕಿಯ ತುಟಿಯಂಚಿನಲ್ಲಿ ನಗು ಇಣುಕಿತು. "ಒಟ್ಟಿಗೇನಾ?"

ಅವನು ಉತ್ತರಕ್ಕಾಗಿ ಅವಳ ಮುಖ ನೋಡಿದ. ಕೆಂಪೇರಿದ ಮುಖವನ್ನು ಅವಳು ತಗ್ಗಿಸಲಿಲ್ಲ.

"ಒಟ್ಟಿಗೇ."